ಕಾಲಿಗೆ ಮೆಟ್ಟು, ಮಾತಿಗೆ ಮಟ್ಟು

ಶಿರಸಿಯಿಂದ ಹುಬ್ಬಳ್ಳಿಯ ಕಡೆಗೆ ಹೊರಟರೆ ಸಿಗುವ ಊರು ಎಕ್ಕಂಬಿ. ಅದರ ಪಡುವಣಕ್ಕೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹೆಂಚಿನ ಮನೆಗಳ ಮಲೆನಾಡು. ಅದೇ ರಸ್ತೆಯಲ್ಲಿ ಮಳಗಿ, ಮುಂಡಗೋಡ ದಾಟಿದರೆ ಕಾಡು ತೆಳ್ಳಗಾಗಿ ಬಯಲುಸೀಮೆ ತೆರೆದುಕೊಳ್ಳುತ್ತದೆ. ನೆಲ ಬದಲಾಗುವ ಇಂಥ ದಾರಿಯಲ್ಲಿ ಮಾತೂ ಬದಲಾಗುತ್ತದೆ. ತೋಟದ ಮನೆಯ ಹವ್ಯಕರು 'ಊಟ ಆತಾ?' ಎನ್ನುತ್ತಾರೆ. ಹುಬ್ಬಳ್ಳಿಯಿಂದ ಬಂದ ವ್ಯಾಪಾರಿ 'ಊಟ ಆತೇನ್ರಿ?' ಎನ್ನುತ್ತಾನೆ. ಶಾಲೆಯ ಮೇಷ್ಟ್ರು 'ಊಟ ಆಯ್ತಾ?' ಎಂದು ಕೇಳುತ್ತಾರೆ. ಕೇಳಿದ್ದು ಒಂದೇ. ಆದರೆ ಕೇಳಿದವರು ಯಾವ ಕಡೆಯವರು ಎಂಬುದು ಪ್ರಶ್ನೆ ಮುಗಿಯುವುದರೊಳಗೆ ಗೊತ್ತಾಗಿಬಿಡುತ್ತದೆ.

ಮಾತಿನ ಈ ಗುರುತಿಗೆ ಕನ್ನಡಿಗರು ಧಾಟಿ, ರಾಗ, ಎಳೆತ, ಸೊಗಡು ಎಂದು ಹಲವು ಹೆಸರು ಇಟ್ಟಿದ್ದಾರೆ. ಇಂಗ್ಲಿಷರು ಇದೇ ಗುರುತಿಗೆ ಒಂದು ಕಾಲದಲ್ಲಿ ಚಪ್ಪಲಿಯ ಹೆಸರನ್ನು ಕೊಟ್ಟರು.

ಆ ಹೆಸರು ಬ್ರೋಗ್. ಇಂದು ಪೇಟೆಯ ದೊಡ್ಡ ಅಂಗಡಿಯಲ್ಲಿ ಬ್ರೋಗ್ ಕೇಳಿದರೆ, ಮೇಲ್ಭಾಗದ ಚರ್ಮದಲ್ಲಿ ಸಣ್ಣ ಸಣ್ಣ ತೂತುಗಳ ಚಿತ್ತಾರವಿರುವ ಬೂಟನ್ನು ತೆಗೆದು ತೋರಿಸುತ್ತಾರೆ. ಸೂಟು ಹಾಕುವವರು ಇಷ್ಟಪಟ್ಟು ಕೊಳ್ಳುವ ಬೂಟು ಅದು. ಆದರೆ ಒಬ್ಬರ ಮಾತಿನಲ್ಲಿ ಬ್ರೋಗ್ ಇದೆ ಎಂದರೆ ಅರ್ಥವೇ ಬೇರೆ. ಅವರ ಇಂಗ್ಲಿಷಿಗೆ ಐರ್ಲೆಂಡಿನ ಧಾಟಿ ಅಂಟಿಕೊಂಡಿದೆ ಎಂದು ಅದರ ತಾತ್ಪರ್ಯ.

ಐರಿಷ್ ಭಾಷೆಯಲ್ಲಿ ಬ್ರೋಗ್ ಎಂದರೆ ಬರೀ ಪಾದರಕ್ಷೆ. ಮೊದಲು ಅದನ್ನು ಹದಮಾಡದ ಹಸಿ ತೊಗಲಿನಿಂದ ಹೊಲಿಯುತ್ತಿದ್ದರು. ಐರ್ಲೆಂಡು ಮಳೆಯ ನಾಡು, ಜವುಗು ನೆಲದ ನಾಡು. ಕೆಸರಿನಲ್ಲಿ ನಡೆಯುವಾಗ ಒಳಗೆ ಹೊಕ್ಕ ನೀರು ಸೋರಿಹೋಗಲೆಂದು ತೊಗಲಿಗೆ ತೂತು ಹಾಕುತ್ತಿದ್ದರಂತೆ. ಇಂದಿನ ಬೂಟಿನ ಚಿತ್ತಾರದ ತೂತುಗಳು ಅವುಗಳ ನೆನಪು ಎಂದು ಹೇಳುತ್ತಾರೆ. ಮಳೆಗಾಲದಲ್ಲಿ ಉಂಬಳ ಕೊಡವಿಕೊಳ್ಳುತ್ತ ಗದ್ದೆಯ ಹಾಳಿ, ತೋಟದ ದಾರಿ ತುಳಿಯುವ ಶಿರಸಿ–ಸಿದ್ದಾಪುರದವರಿಗೆ ಆ ತೂತುಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪದ ಪಾದರಕ್ಷೆಯ ಅರ್ಥದಲ್ಲಿ 16ನೇ ಶತಮಾನದ ಕೊನೆಯ ಹೊತ್ತಿಗೇ ಇಂಗ್ಲಿಷಿಗೆ ಬಂದಿತ್ತು. ಮಾತಿನ ಧಾಟಿ ಎಂಬ ಅರ್ಥ ಅದಕ್ಕೆ ಸೇರಿದ್ದು ಸುಮಾರು ನೂರು ವರ್ಷ ಕಳೆದ ಮೇಲೆ. ಕಾಲಿನಿಂದ ನಾಲಗೆಗೆ ಅದು ಹೇಗೆ ಏರಿತು ಎಂಬುದಕ್ಕೆ ವಿದ್ವಾಂಸರು ಎರಡು ವಿವರಣೆ ಕೊಡುತ್ತಾರೆ. ಬ್ರೋಗ್ ಮೆಟ್ಟಿದವರ ಮಾತಿಗೂ ಅದೇ ಹೆಸರು ಬಿತ್ತು ಎಂಬುದು ಒಂದು. ಐರಿಷಿನಲ್ಲಿ 'ಬಾರೋಗ್' ಎಂಬ ಬೇರೆ ಪದವಿದೆ. ಹಿಡಿತ, ಬಿಗಿತ ಎಂದು ಅದರ ಅರ್ಥ. ನಾಲಗೆಯ ಬಿಗಿತವನ್ನು ಹೇಳುವ ಆ ಪದವೇ ಇಂಗ್ಲಿಷರ ಕಿವಿಯಲ್ಲಿ ಬ್ರೋಗ್ ಆಯಿತು ಎಂಬುದು ಇನ್ನೊಂದು. ವಾದ ಇನ್ನೂ ತೀರ್ಮಾನವಾಗಿಲ್ಲ. ಆದರೆ ಎರಡು ವಿವರಣೆಯಲ್ಲೂ ಒಂದು ಮಾತು ಸಮಾನ: ಈ ಹೆಸರು ಬಳಕೆಗೆ ಬಂದದ್ದು ಕೇಳುವ ಇಂಗ್ಲಿಷರ ನಡುವೆ. ಐರಿಷರ ಪಾಲಿಗೆ ಅದು ಮಾತು, ಅಷ್ಟೆ. ಬ್ರೋಗ್ ಎಂದವರು ಲಂಡನ್ನಿನವರು. ಅವರ ಕಣ್ಣಿಗೆ ಬಡವನ ಹಸಿ ತೊಗಲಿನ ಚಪ್ಪಲಿಯೂ ಒರಟು, ಬಡವನ ಇಂಗ್ಲಿಷೂ ಒರಟು.

ಆ ಒರಟನ್ನು ತಿದ್ದಲು ಪಾಠಗಳು ಶುರುವಾದವು. ಡಬ್ಲಿನ್ನಿನಿಂದ ಬಂದ ನಟ ಥಾಮಸ್ ಶೆರಿಡನ್ ಶುದ್ಧ ಉಚ್ಚಾರದ ಕುರಿತು ಊರೂರಿನಲ್ಲಿ ಉಪನ್ಯಾಸ ಕೊಟ್ಟು 1762ರಲ್ಲಿ ಅವನ್ನು ಪುಸ್ತಕವಾಗಿ ಪ್ರಕಟಿಸಿದ. ಐರಿಷರು, ಸ್ಕಾಟರು ತಮ್ಮ ಧಾಟಿ ಬಿಟ್ಟು ಲಂಡನ್ನಿನ ಧಾಟಿ ಕಲಿಯಬೇಕೆಂದು ಹಣ ಕೊಟ್ಟು ಕೇಳಿದರು. ಕಾಲಿನ ಬ್ರೋಗಿಗೆ ಆದದ್ದು ಇದಕ್ಕೆ ತದ್ವಿರುದ್ಧ. ಸ್ಕಾಟ್ಲೆಂಡಿನ ಬೇಟೆಯ ಸೀಮೆಗಳಿಗೆ ಹೋದ ಶ್ರೀಮಂತರು ಅದನ್ನು ಮೆಟ್ಟಿದರು. 20ನೇ ಶತಮಾನದಲ್ಲಿ ಬ್ರಿಟನ್ನಿನ ರಾಜಕುಮಾರನೇ ಅದನ್ನು ಹಾಕಿಕೊಂಡು ಗಾಲ್ಫ್ ಆಡಿದ. ಬಡವನ ಚಪ್ಪಲಿ ದೊರೆಯ ಬೂಟಾಯಿತು. ಬಡವನ ಮಾತಿಗೆ ಆ ಭಾಗ್ಯ ಬರಲು ಬಹಳ ಕಾಲ ಹಿಡಿಯಿತು.

ಪಾದರಕ್ಷೆಗೂ ಸ್ವರಕ್ಕೂ ಒಂದೇ ಪದ ಇರುವುದು ಐರ್ಲೆಂಡಿನ ವಿಶೇಷ ಎಂದುಕೊಳ್ಳಬೇಕಾಗಿಲ್ಲ. ಕನ್ನಡದಲ್ಲಿಯೂ ಅಂಥ ಒಂದು ಪದವಿದೆ: ಮೆಟ್ಟು. ಟಿ. ಬರೋ ಮತ್ತು ಎಂ.ಬಿ. ಎಮಿನೋ 1961ರಲ್ಲಿ ಮೊದಲು ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶದಲ್ಲಿ ಕನ್ನಡದ ಮೆಟ್ಟು ಎಂಬ ಪದಕ್ಕೆ ಕೊಟ್ಟ ಅರ್ಥಗಳನ್ನು ನೋಡಬೇಕು. ಕಾಲಿಡು, ತುಳಿ, ಪಾದರಕ್ಷೆ ಹಾಕಿಕೋ ಎಂಬವು ಕ್ರಿಯಾಪದದ ಅರ್ಥಗಳು. ಮೆಟ್ಟಿಲು, ಚಪ್ಪಲಿ, ತಂತಿವಾದ್ಯದ ಮೇಲೆ ಸ್ವರಸ್ಥಾನ ಗುರುತಿಸುವ ಪಟ್ಟಿ ಎಂಬವು ನಾಮಪದದ ಅರ್ಥಗಳು. ಸರಸ್ವತಿ ವೀಣೆಯ ದಂಡದ ಮೇಲೆ ಮೇಣದಲ್ಲಿ ಕೂರಿಸಿದ 24 ಲೋಹದ ಪಟ್ಟಿಗಳೇ ಆ ಮೆಟ್ಟುಗಳು. ಬೆರಳು ತಂತಿಯನ್ನು ಯಾವ ಮೆಟ್ಟಿನ ಮೇಲೆ ಒತ್ತುತ್ತದೋ ಸ್ವರ ಅಲ್ಲಿ ನಿಲ್ಲುತ್ತದೆ. ಹೀಗೆ ಕಾಲು ಊರುವ ಜಾಗ, ಕಾಲಿಗೆ ತೊಡುವ ವಸ್ತು, ಸ್ವರ ಊರುವ ಜಾಗ ಮೂರನ್ನೂ ಕನ್ನಡ ಒಂದೇ ಪದದಲ್ಲಿ ಹಿಡಿದಿದೆ. ಬ್ರೋಗಿನಲ್ಲಿ ಹೊರಗಿನವರ ತಾತ್ಸಾರ ಬೆರೆತಿದೆ. ಮೆಟ್ಟಿನಲ್ಲಿ ತಾತ್ಸಾರದ ಸುಳಿವೂ ಇಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಈ ಪದ ದಿನವೂ ಕೇಳುತ್ತದೆ. ತರಕಾರಿ ಹೆಚ್ಚುವುದು ಮೆಟ್ಟುಗತ್ತಿಯಲ್ಲಿ. ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು ಕೂತು ಕೊಯ್ಯುವ ಕತ್ತಿ ಅದು. ಅಡಿಕೆ ಸುಲಿಯುವುದೂ ಅದರಲ್ಲಿಯೇ. ಸುಗ್ಗಿಯ ಕಾಲದಲ್ಲಿ ಊರಿನ ಹತ್ತಾರು ಜನ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ರಾತ್ರಿಯವರೆಗೆ ಅಡಿಕೆ ಸುಲಿಯುತ್ತ ಕೂತರೆ, ಊರಿನ ಸುದ್ದಿ, ಒಗಟು, ಹಾಡು, ನಗೆ ಎಲ್ಲ ಅಲ್ಲಿ ನಡೆಯುತ್ತಿತ್ತು. ಮಕ್ಕಳು ಊರಿನ ಮಾತನ್ನು ಪೂರ್ತಿಯಾಗಿ ಕಲಿಯುತ್ತಿದ್ದದ್ದು ಇಂಥ ಜಾಗಗಳಲ್ಲಿ.

ಮೆಟ್ಟಿನ ಪಕ್ಕದಲ್ಲಿಯೇ ಕೇಳಿಸುವ ಇನ್ನೊಂದು ಪದ ಮಟ್ಟು. ಯಕ್ಷಗಾನದಲ್ಲಿ ಪದ್ಯ ಹಾಡುವ ನಿರ್ದಿಷ್ಟ ಧಾಟಿಗೆ ಮಟ್ಟು ಎನ್ನುತ್ತಾರೆ. ಪದ್ಯದ ಬಂಧ ಕಂಡರೆ ಸಾಕು, ಅನುಭವಿ ಭಾಗವತರಿಗೆ ಅದು ಯಾವ ಮಟ್ಟಿನದೆಂದು ತಿಳಿಯುತ್ತದೆ. ಎರಡು ಪದಗಳ ಬೇರು ಒಂದೇ ಎಂದು ವಾದಿಸುವ ಅಗತ್ಯವಿಲ್ಲ. ಕಿವಿಗೆ ಇಷ್ಟು ಹತ್ತಿರವಾಗಿ ನಿಂತಿರುವುದೇ ಚಂದ.

ಇನ್ನು ಚಪ್ಪಲಿಯ ಹೆಸರುಗಳೇ ಧಾಟಿಯ ಚರಿತ್ರೆಯನ್ನು ಹೇಗೆ ಹೊತ್ತಿವೆ ಎಂಬುದನ್ನು ನೋಡಬಹುದು.

ಕನ್ನಡದ ಹಳೆಯ ಹೆಸರು ಕೆರ; ಕೆರವು, ಕೆರ್ಪು ಎಂಬ ರೂಪಗಳೂ ಇವೆ. ತಮಿಳಿನಲ್ಲಿ ಅದು ಚೆರುಪ್ಪು, ತೆಲುಗಿನಲ್ಲಿ ಚೆಪ್ಪು. ನಮ್ಮ ಕಿವಿ ಆ ಎರಡು ಭಾಷೆಗಳಲ್ಲೂ ಚೆವಿ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ಹಳಗನ್ನಡದ ಕೆಯ್, ಅಂದರೆ ಮಾಡು, ತಮಿಳಿನಲ್ಲಿ ಚೆಯ್. ಇ, ಎ ಸ್ವರಗಳ ಮುಂದೆ ಬಂದ ಪದಾದಿಯ 'ಕ' ತಮಿಳು, ಮಲಯಾಳ, ತೆಲುಗುಗಳಲ್ಲಿ 'ಚ'ಕಾರದ ಕಡೆಗೆ ಸರಿಯಿತು. ಕನ್ನಡ ಸರಿಯಲಿಲ್ಲ. ನೀಲಗಿರಿಯ ತೊದ, ಕೋತ ಭಾಷೆಗಳೂ ಸರಿಯಲಿಲ್ಲ. ದ್ರಾವಿಡ ಭಾಷೆಗಳನ್ನು ಹೋಲಿಸುವವರು ಮೊದಲಿಗೆ ಕಲಿಯುವ ನಿಯಮಗಳಲ್ಲಿ ಇದೂ ಒಂದು. ಕಾಸರಗೋಡಿನಂಥ ಗಡಿಯ ಊರಿನಲ್ಲಿ ಈ ಚರಿತ್ರೆ ಪುಸ್ತಕದಲ್ಲಿ ಉಳಿದಿಲ್ಲ. ಒಂದೇ ಬೀದಿಯಲ್ಲಿ ಒಬ್ಬರ ಕಿವಿ, ಇನ್ನೊಬ್ಬರ ಚೆವಿಯಾಗಿ ಅದು ಓಡಾಡುತ್ತದೆ. ಒಂದು ಕಾಲದಲ್ಲಿ ಯಾವುದೋ ಒಂದು ಊರಿನವರ ನಾಲಗೆಯ ಎಳೆತವಾಗಿ ಶುರುವಾದದ್ದು ಇಂದು ಭಾಷೆ ಭಾಷೆಗಳ ನಡುವಿನ ಗಡಿ. ಧಾಟಿ ಎಂದರೆ ಸಣ್ಣ ಸಂಗತಿ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ಮರದ ಪಾದರಕ್ಷೆಗೆ ಹಾವುಗೆ ಎಂಬ ಹೆಸರಿದೆ. ಸಂಸ್ಕೃತದ ಪಾದುಕಾ ಪಾವುಗೆಯಾಗಿ, ಹಾವುಗೆಯಾಯಿತು. ಪಾಲು ಹಾಲಾದಾಗ, ಪೂ ಹೂವಾದಾಗ, ಪಾವುಗೆಯೂ ಹಾವುಗೆಯಾಯಿತು. ಹಳಗನ್ನಡ ನಡುಗನ್ನಡವಾಗುವ ಹೊತ್ತಿನಲ್ಲಿ ಇಡೀ ನಾಡಿನ ತುಟಿ ಸಡಿಲಗೊಂಡ ಕಥೆ ಈ ಒಂದು ಜೊತೆ ಪಾದರಕ್ಷೆಯಲ್ಲಿದೆ.

ತೊಗಲಿನ ಹಾವುಗೆ ಚಮ್ಮಾವುಗೆ. ಈ ಪದವನ್ನು ಉಳಿಸಿದ್ದು 12ನೇ ಶತಮಾನದ ಶರಣ ಹರಳಯ್ಯನ ಕಥೆ. ಶರಣ ಪರಂಪರೆ ಹೇಳುವ ಪ್ರಕಾರ, ಕಲ್ಯಾಣದ ಬೀದಿಯಲ್ಲಿ ಸಮಗಾರ ಹರಳಯ್ಯ ಬಸವಣ್ಣನಿಗೆ ಶರಣು ಎಂದ. ಬಸವಣ್ಣ ಶರಣು ಶರಣಾರ್ಥಿ ಎಂದು ಮರುನುಡಿದ. ತಾನು ಒಮ್ಮೆ ಅಂದದ್ದಕ್ಕೆ ಅವನು ಎರಡು ಬಾರಿ ಅಂದನಲ್ಲ, ಆ ಋಣ ತೀರಿಸುವುದು ಹೇಗೆ ಎಂದು ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿ ತಂದರು. ಬಸವಣ್ಣ ಅದನ್ನು ಕಾಲಿಗೆ ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡ. ಒಂದು ಮಾತಿನ ಗೌರವವನ್ನು ಒಂದು ಜೊತೆ ಪಾದರಕ್ಷೆಯಲ್ಲಿ ತೂಗಿದ ಕಥೆ ಕನ್ನಡದಲ್ಲಿ ಬೇರೊಂದಿಲ್ಲ.

ಆದರೂ ಕೆರ ಎಂಬ ಹಳೆಯ, ಒಳ್ಳೆಯ ಕನ್ನಡ ಪದ ಇಂದು ಹೆಚ್ಚಾಗಿ ಬೈಗುಳದಲ್ಲಿಯೇ ಉಳಿದಿದೆ. ಸಭ್ಯ ಮಾತಿಗೆ ಪಾದರಕ್ಷೆ ಎಂಬ ಸಂಸ್ಕೃತ, ದಿನದ ಬಳಕೆಗೆ ಚಪ್ಪಲಿ. ಉತ್ತರ ಕರ್ನಾಟಕದ ಕಡೆ ಮರಾಠಿಯ ಜೋಡಾದಿಂದ ಬಂದ ಜೋಡು ಇದೆ, ಕಾಲ್ಮರಿ ಇದೆ. ಇಂಗ್ಲಿಷಿನ ಬೂಟು ಎಲ್ಲ ಕಡೆಯೂ ಇದೆ. ಹಳೆ ಮೈಸೂರಿನ ಎಕ್ಕಡಕ್ಕಂತೂ ಗಡಿಯಲ್ಲಿ ಪೇಚಾಟ. ತೆಲುಗಿನಲ್ಲಿ ಎಕ್ಕಡ ಎಂದರೆ 'ಎಲ್ಲಿ'. ಕೆರ ಬೈಗುಳವಾದದ್ದು ಯಾಕೆ? ಪದದಲ್ಲಿ ದೋಷವಿಲ್ಲ. ಅದನ್ನು ಹೊಲಿದವರನ್ನು ಸಮಾಜ ಊರಾಚೆ ಇಟ್ಟಿತು. ಅವರು ಹೊಲಿದ ವಸ್ತುವಿನ ಹೆಸರೂ ಊರಾಚೆ ಹೋಯಿತು. ಮಾತಿನ ಬ್ರೋಗಿಗೆ ಆದದ್ದೂ ಇದೇ. ಮನುಷ್ಯರಿಗೆ ಇಲ್ಲದ ಮರ್ಯಾದೆ ಅವರ ಮಾತಿಗೂ ಸಿಗುವುದಿಲ್ಲ, ಚಪ್ಪಲಿಗೂ ಸಿಗುವುದಿಲ್ಲ.

ಎಕ್ಕಂಬಿಯ ಸುತ್ತಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಮೂರು ತಾಲೂಕುಗಳ ಮಾತನ್ನು ಈ ಹಿನ್ನೆಲೆಯಲ್ಲಿ ಕೇಳಬೇಕು. ಇಲ್ಲಿ ಹವ್ಯಕರಿದ್ದಾರೆ, ಕರೆ ಒಕ್ಕಲಿಗರಿದ್ದಾರೆ, ನಾಮಧಾರಿಗಳಿದ್ದಾರೆ, ಕುಮರಿ ಮರಾಠಿಗರಿದ್ದಾರೆ. ಯಲ್ಲಾಪುರದ ಕಾಡಿನಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಅವರ ಮನೆಮಾತಿನಲ್ಲಿ ಕೊಂಕಣಿ, ಮರಾಠಿ, ಕನ್ನಡ ಬೆರೆತಿವೆ. ಬನವಾಸಿಯ ಕಡೆಗೆ ಹೋದರೆ ಬಯಲುಸೀಮೆಯ ಕನ್ನಡ. ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರಲ್ಲಿ ಹಲವರು ವ್ಯಾಪಾರಕ್ಕೆ ಕನ್ನಡವನ್ನೇ ಆಡುತ್ತಾರೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಬೇರೆಯಾಗಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರವರೆಗೂ ಆ ಕಡೆಯೇ ಇತ್ತು. ಅದೂ ಮಾತಿನ ಮೇಲೆ ತನ್ನ ಗುರುತು ಬಿಟ್ಟಿದೆ.

ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಗದ್ದುಗೆಯ ಮುಂದಿನ ಸಾಲಿನಲ್ಲಿ ನಿಂತರೆ ಇವೆಲ್ಲವೂ ಒಟ್ಟಿಗೆ ಕಿವಿಗೆ ಬೀಳುತ್ತವೆ. 1923ರಲ್ಲಿ ಶುರುವಾದ ತೋಟಗಾರರ ಸಹಕಾರಿ ಸಂಘದ ಅಡಿಕೆ ವ್ಯಾಪಾರದ ಅಂಗಳದಲ್ಲಿಯೂ ಹಾಗೆಯೇ. ಬೆಳೆದವನದು ಒಂದು ಧಾಟಿ, ಮೂಟೆ ಹೊರುವವನದು ಒಂದು, ಕೊಳ್ಳುವವನದು ಇನ್ನೊಂದು.

ಇವುಗಳಲ್ಲಿ ವಿದ್ವಾಂಸರು ಹೆಚ್ಚು ಬಿಡಿಸಿ ನೋಡಿರುವುದು ಹವ್ಯಕ ಕನ್ನಡವನ್ನು. ಹೊಸಬರು ಕೇಳಿದರೆ 'ಇದು ಯಾವ ಭಾಷೆ?' ಎಂದು ತಿರುಗಿ ನೋಡುತ್ತಾರೆ. ನಾನು ಎಂಬುದಕ್ಕೆ ಆನು. ಹೋಗುವುದು ಎಂಬುದಕ್ಕೆ ಹೋಪದು, ಬರುವುದು ಎಂಬುದಕ್ಕೆ ಬಪ್ಪದು, ಇರುವುದು ಎಂಬುದಕ್ಕೆ ಇಪ್ಪದು. ಹೋಗೋಣ ಎಂಬುದಕ್ಕೆ ಹೋಪನ. ಆಗಿದೆ ಎಂಬುದು ಆಜು, ಬಂದಿದೆ ಎಂಬುದು ಬಂಜು. ಹುಡುಗ ಮಾಣಿ, ಹುಡುಗಿ ಕೂಸು, ಎಲೆಯಡಿಕೆ ಕವಳ. ತಾಯಿಯನ್ನು ಶಿರಸಿಯ ಕಡೆ ಆಯಿ ಎನ್ನುತ್ತಾರೆ. ಅದೇ ಹವ್ಯಕರು ಪುತ್ತೂರು, ಕಾಸರಗೋಡಿನ ಕಡೆ ಅಬ್ಬೆ ಎನ್ನುತ್ತಾರೆ.

ಇವನ್ನು ಕೆಟ್ಟ ಕನ್ನಡ, ಒಡೆದ ಕನ್ನಡ ಎನ್ನುವವರು ಹಳಗನ್ನಡದ ಯಾವುದಾದರೂ ಕಾವ್ಯ ತೆರೆದು ನೋಡಬೇಕು. ಆನ್ ಅಲ್ಲಿದೆ. ಪೋಪ, ಬರ್ಪ, ಇರ್ಪ ಅಲ್ಲಿವೆ. ಪೋಪದ ಮೊದಲಿನ 'ಪ' ಎಲ್ಲ ಕನ್ನಡಿಗರ ಬಾಯಲ್ಲಿ ಆದಂತೆ 'ಹ' ಆಯಿತು. ನಡುವಿನ 'ಪ' ಮಾತ್ರ ಹಾಗೆಯೇ ಉಳಿದು ಹೋಪ ಆಯಿತು. ಬರ್ಪ ಬಪ್ಪ ಆಯಿತು, ಇರ್ಪ ಇಪ್ಪ ಆಯಿತು. ಪೇಟೆಯ ಕನ್ನಡ ಬಿಟ್ಟುಕೊಟ್ಟ ವ್ಯಾಕರಣವನ್ನು ಘಟ್ಟದ ತೋಟದ ಮನೆಗಳು ಸಾವಿರ ವರ್ಷ ಕಾಯ್ದುಕೊಂಡಿವೆ. ಕುಂದಾಪುರದ ಕನ್ನಡದಲ್ಲಿಯೂ ಹೋಪ, ಬಪ್ಪ ಜೀವಂತವಾಗಿವೆ.

ಇನ್ನೊಂದು ಸಂಗತಿಗೆ ಹೊರಗಿನವರು ಮುಖ ಗಂಟಿಕ್ಕುತ್ತಾರೆ. ಹವ್ಯಕ ಕನ್ನಡದಲ್ಲಿ ಹೆಣ್ಣಿನ ಕುರಿತು ಹೇಳುವಾಗ 'ಅಕ್ಕ ಬಂತು', 'ಅದು ಹೋತು' ಎನ್ನುತ್ತಾರೆ. ಇದನ್ನು ಅಗೌರವ ಎಂದು ತಿಳಿಯುವುದು ಸಹಜ. ಆದರೆ ತೆಲುಗಿನಲ್ಲಿಯೂ ಏಕವಚನದ ಹೆಣ್ಣಿಗೆ ಹತ್ತುವುದು ನಪುಂಸಕದ ಕ್ರಿಯಾಪದವೇ. ಎರಡೇ ಲಿಂಗದ ಇಂಥ ವ್ಯವಸ್ಥೆ ದ್ರಾವಿಡ ಭಾಷೆಗಳಲ್ಲಿ ಹಲವು ಕಡೆ ಇದೆ. ಹವ್ಯಕ ಕನ್ನಡದ ಈ ಲಕ್ಷಣ ಭಾಷೆ ಬೆಳೆದ ದಾರಿಯದು. ಮನೆಯ ಹೆಂಗಸರಿಗೆ ಸಿಗಬೇಕಾದ ಗೌರವದ ಪ್ರಶ್ನೆ ದೊಡ್ಡದು. ಅದನ್ನು ಕ್ರಿಯಾಪದದ ಪ್ರತ್ಯಯದಿಂದ ಅಳೆಯಲು ಆಗದು.

ಇವನ್ನೆಲ್ಲ ಶಾಸ್ತ್ರೀಯವಾಗಿ ವಿವರಿಸಿದವರು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್. ಪುಣೆಯ ಡೆಕ್ಕನ್ ಕಾಲೇಜು 1971ರಲ್ಲಿ ಅವರ ಹವ್ಯಕ ವ್ಯಾಕರಣವನ್ನು ಪ್ರಕಟಿಸಿತು. ಅದಕ್ಕೂ ಮೊದಲು 1967ರಲ್ಲಿ ಅದೇ ಕಾಲೇಜು ಎ.ಎಸ್. ಆಚಾರ್ಯರ ಹಾಲಕ್ಕಿ ಕನ್ನಡದ ಅಧ್ಯಯನವನ್ನು ಹೊರತಂದಿತ್ತು. ಘಟ್ಟದ ಕೆಳಗಿನ ಹಾಲಕ್ಕಿ ಒಕ್ಕಲಿಗರ ಮಾತಿಗೂ ವ್ಯಾಕರಣವಿದೆ ಎಂದು ತೋರಿಸಿದ ಪುಸ್ತಕ ಅದು. ಎರಡೂ ಇಂಗ್ಲಿಷಿನಲ್ಲಿವೆ. ಆ ಮಾತನ್ನು ಆಡುವ ಮನೆಗಳಿಗೆ ಅವು ತಲುಪಲೇ ಇಲ್ಲ ಎಂಬುದು ನೋವಿನ ಸಂಗತಿ. ಕಿಟೆಲ್ ಇನ್ನೂ ಮೊದಲೇ ದಾರಿ ತೋರಿಸಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಕೆಲವು ಪದಗಳ ಪಕ್ಕ ಇದು ಮೈಸೂರಿನ ಬಳಕೆ, ಇದು ದಕ್ಷಿಣ ಮರಾಠಾ ಸೀಮೆಯ ಬಳಕೆ ಎಂದು ಅವರು ಗುರುತು ಹಾಕಿದರು.

ಹಿಂದಕ್ಕೆ ಹೋದರೆ 9ನೇ ಶತಮಾನದ ಕವಿರಾಜಮಾರ್ಗ ಇದೆ. ಕಿಸುವೊಳಲು, ಕೊಪ್ಪಳ, ಪುಲಿಗೆರೆ, ಒಕ್ಕುಂದಗಳ ನಡುವಿನ ಕನ್ನಡವೇ ಕನ್ನಡದ ತಿರುಳು ಎಂದು ಅದು ಗೆರೆ ಎಳೆಯಿತು. ಆದರೆ ಅದೇ ಗ್ರಂಥ ಇನ್ನೊಂದು ಕಡೆ ಕನ್ನಡವನ್ನು ಬಹುವಚನದಲ್ಲಿ ಹೆಸರಿಸುತ್ತದೆ. ಸೀಮೆ ಸೀಮೆಗೆ ಬೇರೆಯಾಗುವ ಕನ್ನಡಗಳ ದೋಷ ಹುಡುಕಲು ಹೊರಟರೆ ವಾಸುಕಿಯೂ ತಿಳಿಯಲಾರದೆ ಬೇಸತ್ತುಹೋಗುತ್ತಾನೆ ಎಂದು ಅದರ ಅಭಿಪ್ರಾಯ. ಲಂಡನ್ನಿನ ಉಚ್ಚಾರದ ಮೇಷ್ಟರುಗಳು ಹುಟ್ಟುವ ಒಂಬೈನೂರು ವರ್ಷ ಮೊದಲು ಬಂದ ಮಾತಿದು. ಬೇರೆ ಬೇರೆಯಾಗಿರುವುದು ಕನ್ನಡದ ಸ್ವಭಾವ ಎಂದು ಕನ್ನಡದ ಮೊದಲ ಶಾಸ್ತ್ರಗ್ರಂಥವೇ ಒಪ್ಪಿಕೊಂಡಿದೆ.

ಹೊಸ ಕಾಲದ ಸಾಹಿತ್ಯದಲ್ಲಿಯೂ ಈ ಜಿಲ್ಲೆಯ ಧಾಟಿಗೆ ದೊಡ್ಡ ಸ್ಥಾನವಿದೆ. ಕನ್ನಡದ ಮೊದಲ ಆಧುನಿಕ ಸಾಮಾಜಿಕ ನಾಟಕ ಎಂದು ಹೆಸರಾದ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' 1887ರಲ್ಲಿ ಪ್ರಕಟವಾಯಿತು. ಬರೆದವರು ಹೊನ್ನಾವರದ ಹತ್ತಿರದ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿ. ಹಣ ತೆಗೆದುಕೊಂಡು ಹೆಣ್ಣುಮಕ್ಕಳನ್ನು ಮುದುಕರಿಗೆ ಕೊಡುವ ಕನ್ಯಾವಿಕ್ರಯದ ವಿರುದ್ಧ ಬರೆದ ನಾಟಕ ಅದು. ಅದರ ಪಾತ್ರಗಳು ಆಡುವುದು ಹವ್ಯಕರ ಮನೆಮಾತನ್ನು. ಗ್ರಂಥದ ಕನ್ನಡದಲ್ಲಿ ಹೇಳಿದ್ದರೆ ಅಪ್ಪಂದಿರು ಉಪದೇಶ ಎಂದು ಕೇಳಿ ಸುಮ್ಮನಾಗುತ್ತಿದ್ದರು. ತಮ್ಮದೇ ಜಗಲಿಯ ಮಾತಿನಲ್ಲಿ ತಮ್ಮದೇ ಕೆಲಸವನ್ನು ಕೇಳಿದಾಗ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಆಡುಮಾತಿನ ಬಲವನ್ನು ಅಷ್ಟು ಮುಂಚೆಯೇ ಗುರುತಿಸಿದ ಆ ಲೇಖಕರನ್ನು ಜಿಲ್ಲೆಯ ಶಾಲೆಗಳಲ್ಲಿ ಇಂದು ನೆನೆಯಬೇಕಾದಷ್ಟು ನೆನೆಯುತ್ತಿಲ್ಲ.

ಯಕ್ಷಗಾನದ ದಾರಿ ಬೇರೆ. ಮನೆಯಲ್ಲಿ ಹೋಪ, ಬಪ್ಪ ಎನ್ನುವ ಕಲಾವಿದ ರಂಗಕ್ಕೆ ಬಂದು ಅರ್ಥ ಹೇಳುವಾಗ ಗ್ರಾಂಥಿಕ ಕನ್ನಡವನ್ನೇ ಆಡುತ್ತಾನೆ. ಕೃಷ್ಣನ ಬಾಯಲ್ಲಿ, ಕೌರವನ ಬಾಯಲ್ಲಿ ಒಂದೂ ಇಂಗ್ಲಿಷ್ ಪದ ನುಸುಳಬಾರದು. ಹಾಸ್ಯಗಾರನಿಗೆ ಮಾತ್ರ ವಿನಾಯಿತಿ; ಊರ ಮಾತು ಅವನ ಬಾಯಿಂದ ಬರುತ್ತದೆ. ಹೀಗೆ ಶಿರಸಿ–ಸಿದ್ದಾಪುರದ ಹಳ್ಳಿಗಳಲ್ಲಿ ಎರಡು ಕನ್ನಡಗಳನ್ನು ಸಲೀಸಾಗಿ ಆಡುವ ಜನ ತಲೆಮಾರುಗಳಿಂದ ಇದ್ದಾರೆ. ಮನೆಮಾತು ಉಳಿಸಿಕೊಂಡರೆ ಶಿಷ್ಟ ಕನ್ನಡ ಬರುವುದಿಲ್ಲ ಎಂಬ ಪೇಟೆಯ ತಾಯ್ತಂದೆಯರ ಭಯಕ್ಕೆ ತಾಳಮದ್ದಳೆಯ ಅರ್ಥಧಾರಿಗಳಿಗಿಂತ ಬೇರೆ ಉತ್ತರ ಬೇಡ.

ಬೇರೆ ಸೀಮೆಗಳ ಧಾಟಿಗಳೂ ಹೀಗೆಯೇ ಮೇಲೆ ಬಂದಿವೆ. ಧಾರವಾಡದ ಮಾತು ಬೇಂದ್ರೆಯವರ ಕಾವ್ಯದಲ್ಲಿ ನಾಡಿನ ಮಾತಾಯಿತು. ನಂಜನಗೂಡಿನ ಸೀಮೆಯ ಆಡುಮಾತಿನಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ' ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2022ರಲ್ಲಿ 'ಕಾಂತಾರ' ಚಿತ್ರ ಕರಾವಳಿಯ ಕನ್ನಡವನ್ನು ರಾಜ್ಯದ ಎಲ್ಲ ಕಡೆಯ ಚಿತ್ರಮಂದಿರಗಳಿಗೆ ಒಯ್ದಿತು. ಆಷಾಢದ ಅಮಾವಾಸ್ಯೆಯಂದು ಕುಂದಾಪುರದವರು 2019ರಿಂದ ತಮ್ಮ ಕನ್ನಡದ ದಿನವನ್ನು ಆಚರಿಸುತ್ತಿದ್ದಾರೆ. ಕಾಲಿನ ಬ್ರೋಗಿಗೆ ಅಂದು ಸಿಕ್ಕ ಮರ್ಯಾದೆ ಇಲ್ಲಿ ಮಾತಿಗೇ ಸಿಕ್ಕಿತು.

ಪಾದರಕ್ಷೆಯೇ ಇಲ್ಲದ ಪಾದಕ್ಕೂ ಮರ್ಯಾದೆ ಸಿಕ್ಕ ದಿನವೊಂದು ಈ ಜಿಲ್ಲೆಯ ನೆನಪಿನಲ್ಲಿದೆ. 2021ರ ನವೆಂಬರ್‌ನಲ್ಲಿ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತ ಬದುಕು ಕಳೆದ ಹಾಲಕ್ಕಿ ಅಜ್ಜಿ ತನ್ನ ಸಮುದಾಯದ ಉಡುಗೆಯಲ್ಲಿ, ಬರಿಗಾಲಲ್ಲಿ ನಡೆದು ಬಂದ ಚಿತ್ರವನ್ನು ಇಡೀ ದೇಶ ನೋಡಿತು. ಅದೇ ತಾಲೂಕಿನ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿಯೇ ಪದ್ಮಶ್ರೀ ಬಂದಿತ್ತು. ಅವರು ಹಾಡಿದ ನೂರಾರು ಹಾಡುಗಳು ಇದ್ದದ್ದು ಹಾಲಕ್ಕಿ ಕನ್ನಡದಲ್ಲಿ. ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಎರಡೇ ತಿಂಗಳ ಅಂತರದಲ್ಲಿ ಹಾಲಕ್ಕಿ ಮಾತಿನ ಎರಡು ದೊಡ್ಡ ದನಿಗಳು ನಿಂತುಹೋದವು.

ಧಾಟಿಗಳು ಹೀಗೆಯೇ ಕರಗುತ್ತವೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕಡಲಂಚಿಗೆ ಓಕ್ರಕೋಕ್ ಎಂಬ ದ್ವೀಪವಿದೆ. ಅಲ್ಲಿನವರ ಇಂಗ್ಲಿಷಿಗೂ ಬ್ರೋಗ್ ಎಂದೇ ಹೆಸರು. ಭಾಷಾವಿಜ್ಞಾನಿ ವಾಲ್ಟ್ ವುಲ್ಫ್ರಮ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಲ್ಲಿ ಮಾತು ದಾಖಲಿಸಲು ತೊಡಗಿದಾಗ, ಹಿರಿಯರ ಬಾಯಲ್ಲಿ ಗಟ್ಟಿಯಾಗಿದ್ದ ಧಾಟಿ ಮಕ್ಕಳ ಬಾಯಲ್ಲಿ ತೆಳುವಾಗಿತ್ತು. ದೋಣಿ ಸಂಚಾರ ಬಂತು, ಪ್ರವಾಸಿಗರು ಬಂದರು, ಮಕ್ಕಳು ಕೆಲಸಕ್ಕೆ ಹೊರಗೆ ಹೋದರು. ದಾಖಲಿಸಿದ ಧ್ವನಿ ಮತ್ತು ಚಿತ್ರಗಳನ್ನು ಸಂಶೋಧಕರು ಅದೇ ದ್ವೀಪದ ಶಾಲೆಗೆ ಪಾಠವಾಗಿ ತಂದರು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಥೆಯಲ್ಲಿ ದೋಣಿಯ ಬದಲು ಬೆಂಗಳೂರಿನ ರಾತ್ರಿ ಬಸ್ಸಿದೆ. ತೋಟದ ಮನೆಗಳಲ್ಲಿ ವಯಸ್ಸಾದ ಇಬ್ಬರೇ ಉಳಿದಿರುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಊರು ಬಿಟ್ಟ ಮಾಣಿ, ಕೂಸುಗಳು ಆಫೀಸಿನಲ್ಲಿ ಬಾಯಿ ತೆರೆದ ಕೂಡಲೇ 'ನೀವು ಮಂಗಳೂರಿನವರಾ?' ಎಂಬ ಪ್ರಶ್ನೆ ಬರುತ್ತದೆ. ಹಲವರು ಆ ಪ್ರಶ್ನೆ ಬರದ ಹಾಗೆ ಮಾತನ್ನು ಸವೆಸಿಕೊಳ್ಳುತ್ತಾರೆ. ಅಡಿಕೆ ಸುಲಿಯಲು ಯಂತ್ರ ಬಂದಿದೆ. ದುಡಿಯುವವರ ಕೈಗೆ ಅದು ಒಳ್ಳೆಯದು. ಆದರೆ ಮೆಟ್ಟುಗತ್ತಿಯ ಸುತ್ತ ರಾತ್ರಿ ನಡೆಯುತ್ತಿದ್ದ ಮಾತುಕತೆಗೆ ಬದಲಿ ಜಾಗ ಹುಟ್ಟಿಲ್ಲ. ಹವ್ಯಕರ ಮಾತಿಗಾದರೂ ವ್ಯಾಕರಣವಿದೆ, ನಾಟಕವಿದೆ. ಕರೆ ಒಕ್ಕಲಿಗರ, ಕುಮರಿ ಮರಾಠಿಗರ, ಸಿದ್ದಿಗಳ ಮಾತಿನ ದಾಖಲೆ ಇನ್ನೂ ಸಾಲದು. ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಅವನ್ನು.

ಅದಕ್ಕೆ ದೊಡ್ಡ ಸಂಸ್ಥೆಯನ್ನು ಕಾಯಬೇಕಾಗಿಲ್ಲ. ಈ ಮೂರು ತಾಲೂಕುಗಳ ಪ್ರೌಢಶಾಲೆಯ ಕನ್ನಡ ಮೇಷ್ಟ್ರು ಮನಸ್ಸು ಮಾಡಿದರೆ ಒಂದು ಬೇಸಿಗೆ ಸಾಕು. ಪ್ರತಿ ವಿದ್ಯಾರ್ಥಿ ತನ್ನ ಮನೆಯ ಹಿರಿಯರಿಂದ ಐವತ್ತು ಪದ ಬರೆದುಕೊಳ್ಳಲಿ. ಚಪ್ಪಲಿಗೆ, ಕತ್ತಿಗೆ, ಮಳೆಗೆ, ಮೀನಿಗೆ, ಸೊಪ್ಪಿಗೆ, ಅತ್ತಿಗೆಗೆ ಅವರ ಮನೆಯಲ್ಲಿ ಏನನ್ನುತ್ತಾರೆ ಎಂದು ಕೇಳಲಿ. ಪದದ ಪಕ್ಕ ಊರಿನ ಹೆಸರು, ಹೇಳಿದವರ ವಯಸ್ಸು ಇರಲಿ. ಹೇಳಿದವರ ದನಿ ಮೊಬೈಲಿನಲ್ಲಿ ದಾಖಲಾಗಲಿ; ಬರವಣಿಗೆಯಲ್ಲಿ ಪದ ಉಳಿಯುತ್ತದೆ, ಧಾಟಿ ಉಳಿಯುವುದು ದನಿಯಲ್ಲಿ ಮಾತ್ರ. ಈ ಲೇಖನ ಓದುತ್ತಿರುವವರ ಮನೆಯಲ್ಲಿ ಎಪ್ಪತ್ತು ದಾಟಿದ ಆಯಿಯೋ ಅಜ್ಜನೋ ಇದ್ದರೆ, ಶಾಲೆಯವರು ಶುರುಮಾಡುವವರೆಗೂ ಕಾಯದೆ ಈ ವಾರವೇ ಅವರ ಮುಂದೆ ಕೂತು ಕೇಳಿ.